‘ಜಲ್‌ಹಂದ’ ಎಂಬ ಹೊಗಳಿಕೆ

ರೆಡ್‌ವುಡ್ ಸಿಟಿಯ ಆಫೀಸಿನಲ್ಲಿ ಕೆಲಸ ಕಳೆದುಕೊಂಡ ವರ್ಷ, ಮನೆ ಹತ್ತಿರದ ಸಾರ್ವಜನಿಕ ತೋಟದಲ್ಲಿ ತರಕಾರಿ ಬೆಳೆಯಲು ನಾನೊಂದು ಪಾತಿ ಪಡೆದೆ. ಪಕ್ಕದ ಪಾತಿ ಎಪ್ಪತ್ತು ದಾಟಿದ ಕೊರಿಯನ್ ಅಜ್ಜಿಯದು. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ನನಗೆ ಗೊತ್ತಿದ್ದ ಕೊರಿಯನ್ ಎಂದರೆ ಫೋನಿನ ಆ್ಯಪಿನಲ್ಲಿ ಕಲಿತ ನಾಲ್ಕು ಮಾತು.

ಮೆಣಸಿನ ಸಸಿಗಳಿಗೆ ನಾನು ದಿನಕ್ಕೆರಡು ಸಲ ಪೈಪು ಹಿಡಿದು ನೀರು ಬಿಡುತ್ತಿದ್ದೆ. ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನಿಂತು “ಜಲ್‌ಹಂದ, ಜಲ್‌ಹಂದ” ಎನ್ನುತ್ತಿದ್ದರು. ಆ್ಯಪನ್ನು ಕೇಳಿದೆ. ‘ಚೆನ್ನಾಗಿ ಮಾಡುತ್ತೀಯ’ ಎಂದಿತು. ಉಬ್ಬಿಹೋದೆ. ತಲೆಬಾಗಿ ಥ್ಯಾಂಕ್ಸ್ ಹೇಳಿ ಇನ್ನೊಂದು ಸುತ್ತು ನೀರು ಬಿಟ್ಟೆ. ಕೆಲಸ ಹೋದಮೇಲೆ ನನ್ನ ಕೈಲಿ ಏನೂ ಆಗುವುದಿಲ್ಲ ಎಂಬ ಭಯ ಹತ್ತಿಕೊಂಡಿತ್ತು. ಆ ಒಂದು ಮಾತಿಗಾಗಿಯೇ ದಿನಾ ತೋಟಕ್ಕೆ ಹೋಗುತ್ತಿದ್ದೆ ಎಂದರೂ ತಪ್ಪಿಲ್ಲ.

ಸಸಿಗಳು ಮಾತ್ರ ಹಳದಿಯಾಗುತ್ತಾ ಬಂದವು.

ಒಂದು ಬೆಳಿಗ್ಗೆ ಅಜ್ಜಿಯ ಗಂಡ ಗೊಬ್ಬರದ ಚೀಲ ಎಳೆಯುತ್ತಾ ಹಿಮ್ಮುಖವಾಗಿ ನಡೆದು ಬಂದು ಮೂಲಂಗಿ ಸಾಲನ್ನೇ ತುಳಿದುಬಿಟ್ಟರು. ಅಜ್ಜಿ ಸೊಂಟದ ಮೇಲೆ ಕೈಯಿಟ್ಟರು. “ಜಲ್‌ಹಂದ” ಎಂದರು. ಅದೇ ಮುಖ, ಅದೇ ರಾಗ. ಮುದುಕರ ಕಿವಿ ಕೆಂಪಾಯಿತು, ನನ್ನದೂ. ಮೈಸೂರಿನಲ್ಲಿ ‘ಕಡಿದು ಗುಡ್ಡೆ ಹಾಕಿದೆ ಬಿಡು’ ಎಂದು ಅಮ್ಮನಿಂದ ಅನ್ನಿಸಿಕೊಂಡೇ ಬೆಳೆದವಳು ನಾನು. ಆ ರಾಗ ನನಗೆ ತಿಳಿಯಲಿಲ್ಲವಲ್ಲ!

ಮನೆಗೆ ಬಂದು ನನ್ನ ಗಂಡನಿಗೆ ಹೇಳಿಕೊಂಡೆ. “ಹಂದಿ ಅಂದಿಲ್ವಲ್ಲ, ಬಿಡು” ಎಂದ. ನನಗೆ ನಗು ಬರಲಿಲ್ಲ. ಇದ್ದೊಂದು ಹೊಗಳಿಕೆಯೂ ಸುಳ್ಳಾಗಿತ್ತು. ನಾಲ್ಕು ದಿನ ತೋಟದ ಕಡೆ ತಲೆ ಹಾಕಲಿಲ್ಲ.

ಐದನೆಯ ದಿನ, ಒಣಗಿದ್ದನ್ನೆಲ್ಲ ಕಿತ್ತು ಪಾತಿ ಬಿಟ್ಟುಕೊಡೋಣವೆಂದು ಹೋದೆ. ನೋಡಿದರೆ ಸಸಿಗಳು ನೆಟ್ಟಗೆ ನಿಂತಿವೆ, ಬುಡದಲ್ಲಿ ಮಣ್ಣು ಹದವಾಗಿ ಸಡಿಲಾಗಿದೆ. ನನ್ನ ಪಾತಿಯಲ್ಲೇ ಕುಕ್ಕರಗಾಲಲ್ಲಿ ಕೂತಿದ್ದ ಅಜ್ಜಿ ತಲೆಯೆತ್ತಿ, ಗಡಿಯಾರವಿಲ್ಲದ ಮಣಿಕಟ್ಟು ನೋಡಿಕೊಂಡರು.

“ಇಲ್ಚಿಕ್‌ದೊ ವನ್ನೆ.”

‘ಇಲ್ಚಿಕ್’ ಎಂದರೆ ಬೇಗ. ಉಳಿದದ್ದಕ್ಕೆ ಆ್ಯಪು ಬೇಕಾಗಲಿಲ್ಲ. ಎಷ್ಟು ಬೇಗ ಬಂದುಬಿಟ್ಟೆಯಮ್ಮಾ ಎಂದು ಚುಚ್ಚುತ್ತಿದ್ದರು. ನನಗೆ ಬಾಯಿಗೆ ಬಂದದ್ದು ಕನ್ನಡ.

“ಹೂಂ ಅಜ್ಜಿ, ನಿಮ್ಮನ್ನ ಕಾಯಿಸ್ಬಾರ್ದು ಅಂತ ಎದ್ದೂ ಬಿದ್ದೂ ಓಡ್ಬಂದೆ.”

ಒಂದು ಪದವೂ ತಿಳಿಯದ ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ಆಮೇಲೆ ಕಣ್ಣು ತುಂಬಿ ಬಂತು. ಕೆಲಸ ಹೋದಮೇಲೆ, ನಾನು ತಡವಾಗಿ ಬಂದೆ ಎಂದು ಯಾರಾದರೂ ಹಂಗಿಸಿದ್ದು ಅದೇ ಮೊದಲು.