ಬುಧವಾರದ ತಟ್ಟೆ

ಚಾಡಿ ಹೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಹಾಗೆನ್ನುವ ನಾನೇ 2017ರಲ್ಲಿ ಎಂಟು ತಿಂಗಳು ಒಬ್ಬ ಅಜ್ಜಿಯ ಮನೆಯಲ್ಲಿ ಗೂಢಚಾರಿಣಿಯಾಗಿದ್ದೆ. ಗೊತ್ತಿಲ್ಲದೆ ಆಯಿತು ಅಂದರೆ ಅದು ಪೂರ್ತಿ ಸತ್ಯವಲ್ಲ.

ಕೆನಡಾದಲ್ಲಿ ನಾವಿದ್ದ ಮಿಲ್ಟನ್‌ನಿಂದ ದಿನಾ ಪಕ್ಕದ ಊರು ಜಾರ್ಜ್‌ಟೌನ್‌ಗೆ ಹೋಗಿ, ತೊಂಬತ್ತನಾಲ್ಕರ ಆ ಅಜ್ಜಿಯನ್ನು ಮೀಯಿಸಿ, ಉಣಿಸಿ, ನಡೆದದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡುವುದು ನನ್ನ ಕೆಲಸ. ಕೆಲಸ ಕೊಟ್ಟ ಮಗ ಮೊದಲ ದಿನವೇ ಹೇಳಿದ್ದ: "ಅಮ್ಮ ವಿಚಿತ್ರವಾಗಿ ಏನು ಮಾಡಿದರೂ ಬರೆಯಿರಿ. ಅವಳ ಒಳ್ಳೆಯದಕ್ಕೇ." ಅವನಿಗೆ ಆ ಮನೆ ಮಾರಬೇಕಿತ್ತು. ಅಮ್ಮನ ಬುದ್ಧಿ ಕೆಟ್ಟಿದೆ ಎಂದು ಸಾಬೀತಾದರೆ ಮಾತ್ರ ಅವರನ್ನು ವೃದ್ಧಾಶ್ರಮಕ್ಕೆ ಕಳಿಸಬಹುದಿತ್ತು. ಅಷ್ಟು ಊಹಿಸುವ ತಲೆ ನನಗಿತ್ತು, ಊಹಿಸಲು ಹೋಗಲಿಲ್ಲ.

ಪ್ರತಿ ಬುಧವಾರ ಅಜ್ಜಿ ಊಟಕ್ಕೆ ಇನ್ನೊಂದು ತಟ್ಟೆ ಇಡುತ್ತಿದ್ದರು. ಯಾರಿಗೆ ಎಂದು ಕೇಳಿದೆ. ಅಜ್ಜಿ ತಮ್ಮ ಕಥೆ ಹೇಳಿದರು. ಎರಡನೇ ಮಹಾಯುದ್ಧಕ್ಕೆ ಮುಂಚಿನ ಬೇಸಿಗೆ, ಪೋಲೆಂಡಿನಲ್ಲಿ ಜರ್ಮನಿಯ ಗಡಿಯ ಊರು. ಅಪ್ಪ ಜರ್ಮನ್, ಅಮ್ಮ ಪೋಲಿಷ್. ಹದಿನಾರರ ಅಜ್ಜಿ ಒಂದು ಹೋಟೆಲಿನಲ್ಲಿ ಬಡಿಸುತ್ತಿದ್ದರು. ಗಿರಾಕಿಗಳು ಆಡುವ ಮಾತು ಕೇಳಿ ಬಂದು ಹೇಳು ಎಂದ, ಜರ್ಮನರ ಪರವಾಗಿದ್ದ ಚಿಕ್ಕಪ್ಪ. ಬುಧವಾರ ಬುಧವಾರ ಉಣ್ಣಲು ಬರುತ್ತಿದ್ದ ಒಬ್ಬ ಪೋಲಿಷ್ ಮಾಸ್ಟ್ರು ಜರ್ಮನರ ವಿರುದ್ಧ ಆಡಿದ ಮಾತನ್ನು ಇವರು ಚಿಕ್ಕಪ್ಪನಿಗೆ ಒಪ್ಪಿಸಿದರು. ಯುದ್ಧ ಶುರುವಾದ ವಾರದಲ್ಲೇ ಜರ್ಮನರು ಬಂದು ಮಾಸ್ಟ್ರನ್ನು ಎಳೆದೊಯ್ದು ಕೊಂದರು.

"ನಾನು ಅಪ್ಪನ ಕಡೆಯೋ ಅಮ್ಮನ ಕಡೆಯೋ, ನನಗೇ ಗೊತ್ತಿರಲಿಲ್ಲ. ಮಾಸ್ಟ್ರ ಊಟ ಅರ್ಧಕ್ಕೇ ನಿಂತಿತು" ಅಂದರು ಅಜ್ಜಿ.

ನನಗೆ ಇದರಲ್ಲಿ ವಿಚಿತ್ರ ಕಾಣಲಿಲ್ಲ. ನಮ್ಮ ಉಡುಪಿ ಕಡೆ ಮಳೆಗಾಲದ ಆಟಿ ತಿಂಗಳಲ್ಲಿ ಸತ್ತವರಿಗೆ ಎಲೆ ಹಾಕಿ ಬಡಿಸಿ, ಅವರು ಉಣ್ಣಲೆಂದು ಬಾಗಿಲು ಮುಚ್ಚಿ ಹೊರಗೆ ಕೂರುತ್ತೇವೆ. "ನಾವು ನೋಡ್ತಾ ಇದ್ರೆ ಅವರು ಉಣ್ಣುವುದಿಲ್ಲ" ಎಂದು ಅಜ್ಜಿಗೂ ಹೇಳಿಕೊಟ್ಟೆ. ಆಮೇಲೆ ಬುಧವಾರಗಳಲ್ಲಿ ಇಬ್ಬರೂ ಹೊರಗೆ ಕೂತು ಕಾದೆವು. ಪುಸ್ತಕದಲ್ಲಿ ನಾನು ಇದ್ದದ್ದನ್ನು ಇದ್ದ ಹಾಗೆ ಬರೆದೆ: ಅಜ್ಜಿ ಮಾಸ್ಟ್ರಿಗೆ ಬಡಿಸಿದರು. ಅವರ ಊಟ ಆಗುವವರೆಗೆ ಹೊರಗೆ ಕೂತಿದ್ದರು.

ಮಗ ಆ ಪುಟಗಳ ಫೋಟೋ ತೆಗೆದುಕೊಂಡ. ಅಮ್ಮನ ಬುದ್ಧಿ ಪರೀಕ್ಷಿಸಿ ಬರೆದುಕೊಡುವ ಅಧಿಕಾರವಿದ್ದ ಒಬ್ಬ ನರ್ಸನ್ನು ಗೊತ್ತುಮಾಡಿದ.

"ನೀನು ಬರೆದದ್ದು ಸುಳ್ಳಲ್ಲವಲ್ಲ, ನಮಗೆ ಯಾಕೆ ಮಾರಾಯ್ತಿ ಅವರ ಉಸಾಬರಿ?" ಅಂದರು ನನ್ನ ಗಂಡ. ಸುಳ್ಳಲ್ಲ ನಿಜ. ಆದರೆ ಉಂಡ ಮನೆಗೆ ಎರಡು ಬಗೆದಿದ್ದೆ. ನನ್ನ ಮೇಲೆ ನನಗೇ ಸಿಟ್ಟು ಬಂತು.

ನರ್ಸಿನ ಮುಂದೆ ಮಗ ನನ್ನ ಸಾಲುಗಳನ್ನು ಓದಿದ. ನಾನು ಎದ್ದು ನಿಂತೆ. "ಬಾಗಿಲು ಮುಚ್ಚಲು ಹೇಳಿದ್ದು ನಾನು. ನಮ್ಮ ಮನೆಯಲ್ಲಿ ಎಲ್ಲರೂ ಹೀಗೇ ಮಾಡುತ್ತಾರೆ. ಇದು ಹುಚ್ಚಾದರೆ ಮೊದಲು ನನ್ನ ಹೆಸರು ಬರೆದುಕೊಳ್ಳಿ."

ನರ್ಸ್ ಅಜ್ಜಿಯತ್ತ ತಿರುಗಿ, ಆ ಮಾಸ್ಟ್ರು ಬದುಕಿದ್ದಾರೆಯೇ ಎಂದು ಕೇಳಿದರು.

"ಸತ್ತಿದ್ದಾರೆ. ನನ್ನ ಮಾತಿನಿಂದಲೇ ಸತ್ತರು. ಮರೆವು ಬಂದಿದ್ದರೆ ತಟ್ಟೆ ಯಾಕೆ ಇಡ್ತಿದ್ದೆ?"

ಅಜ್ಜಿಯ ಬುದ್ಧಿ ಸರಿಯಾಗಿದೆ, ಇದೇ ಮನೆಯಲ್ಲಿ ಇರಬಹುದು ಎಂದು ಬರೆದು ನರ್ಸ್ ಹೋದರು. ನಾಳೆಯಿಂದ ಬರುವುದು ಬೇಡ ಎಂದು ಮಗ ನನಗೆ ಹೇಳಿದ.

ಹೋಗುತ್ತೇನೆ ಎಂದೆ. ಆದರೆ ಆ ದಿನದ್ದು ಬರೆಯಲು ಬಾಕಿಯಿತ್ತು. ಅವನೆದುರೇ ಕೂತು, ಅವನು ಕಲಿಸಿಕೊಟ್ಟ ಹಾಗೆಯೇ ಬರೆದೆ: ಅಜ್ಜಿ ಚೆನ್ನಾಗಿ ಉಂಡರು. ಮಗ ಬಂದಿದ್ದರು, ವಿಚಿತ್ರವಾಗಿ ನಡೆದುಕೊಂಡರು.