ದೋಣಿ ದಡದಲ್ಲಿ, ಗುಳಿಗೆ ಡಬ್ಬಿಯಲ್ಲಿ

ಕಳೆದ ತಿಂಗಳು ತದಡಿಗೆ ಹೋದಾಗ ನಮ್ಮ ನಾಗಮ್ಮತ್ತೆ ಜಗುಲಿಯ ಕಂಬ ಹಿಡಿದು ಕೂತಿದ್ದಳು. ತಲೆ ತಿರುಗುತ್ತಿದೆಯಂತೆ. ಒಳಗೆ ಹೋಗಿ ಬಿಸ್ಕಿಟ್ ಡಬ್ಬಿ ತೆರೆದೆ. ನಾನು ಕುಮಟಾದಿಂದ ತಂದುಕೊಟ್ಟ ಮೂರು ಬಣ್ಣದ ಗುಳಿಗೆಗಳು ಇದ್ದ ಹಾಗೇ ಇದ್ದವು!

ಅತ್ತೆಗೆ ಬಿಪಿ, ಶುಗರ್ ಎರಡೂ ಇವೆ. ಓದು ಬರುವುದಿಲ್ಲ. ಮನೆಯಲ್ಲಿ ಗಡಿಯಾರ ಇದೆ, ನಡೆಯುವುದಿಲ್ಲ. ಅದಕ್ಕೇ ನಾನೊಂದು ಪ್ಲಾನ್ ಮಾಡಿದ್ದೆ. ಮೀನು ಹಿಡಿಯಲು ಮಗ ದೋಣಿ ಹತ್ತಿದ ಮೇಲೆ ಬಿಳಿ ಗುಳಿಗೆ, ದೋಣಿ ಬಂದ ಮೇಲೆ ಹಳದಿ, ಒಣಗಿದ ಬಲೆ ಮಡಚಿಟ್ಟ ಮೇಲೆ ಕೆಂಪು. ನಾಲ್ಕು ತಿಂಗಳು ಒಂದೂ ತಪ್ಪಿರಲಿಲ್ಲ. (ಆಫೀಸಿನಲ್ಲಿ ಎಲ್ಲರೆದುರೂ ಕೊಚ್ಚಿಕೊಂಡಿದ್ದೆ.)

“ಅತ್ತೆ, ಗುಳಿಗೆ ಎಂತಕ್ಕೆ ತಕಂಡಿಲ್ಲ?”

“ಮಳೆ ಹಿಡೀತಲ್ಲ ತಮಾ. ದೋಣಿ ದಡಕ್ಕೆ ಎಳ್ದು ಎಂಟು ದಿನ ಆತು. ದೋಣಿಯೇ ಹೋಗ್ದೆ ಗುಳಿಗೆ ಹ್ಯಾಂಗೆ ತಕಂಬೂದು?”

ಕಡಲ ದಂಡೆಯಲ್ಲೇ ಹುಟ್ಟಿ ಬೆಳೆದ ನನಗೆ ಮಳೆಗಾಲದ ನೆನಪೇ ಆಗಿರಲಿಲ್ಲ. ನಗು ಬಂತು. ಮರುಕ್ಷಣ ಹೆದರಿಕೆಯಾಯಿತು. ಗುಳಿಗೆ ಬಿಟ್ಟರೆ ಲಕ್ವ ಹೊಡೆಯಬಹುದೆಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಸಿಕ್ಕಿದ ಬಸ್ಸಿಗೆ ಅತ್ತೆಯನ್ನು ಹತ್ತಿಸಿ ಕುಮಟಾಕ್ಕೆ ಓಡಿದೆ.

ಬಿಪಿ ಏರಿತ್ತು. ಪುಣ್ಯಕ್ಕೆ ಬೇರೇನೂ ಆಗಿರಲಿಲ್ಲ. ಡಾಕ್ಟರು ಅತ್ತೆಗೆ ಒಂದು ಮಾತೂ ಅನ್ನಲಿಲ್ಲ, ಬೈದದ್ದೆಲ್ಲ ನನಗೆ. “ಯಾವಾಗ ತಗೋಬೇಕು ಅಂತ ಹೇಳಿದ್ರಿ. ಯಾಕೆ ಅಂತ ಹೇಳಿದ್ರಾ?”

ಹೇಳಿರಲಿಲ್ಲ. ವಯಸ್ಸಾದವರ ಕೈಗೆ ಗುಳಿಗೆ ಎಣಿಸಿ ಹಾಕುತ್ತೇವೆ. ಇದು ಯಾವುದಕ್ಕೆ ಎಂದು ತಿಳಿಸಲು ಎರಡು ನಿಮಿಷ ಕೂರುತ್ತೇವೆಯೇ? ಡಾಕ್ಟರೇ ಒಂದೊಂದನ್ನೂ ಬಿಡಿಸಿ ಹೇಳಿದರು. ಎಲ್ಲ ಕೇಳಿದ ಅತ್ತೆ ನನ್ನತ್ತ ತಿರುಗಿದಳು. “ಇದ್ನ ಮೊದ್ಲೇ ಹೇಳೂಕೆ ನಿಂಗೆ ಎಂತ ಆಗಿತ್ತು?”

ಹೊಸ ಪ್ಲಾನ್ ಅವಳದೇ. ಅವಳ ಬೆಕ್ಕು ಮೂರು ಹೊತ್ತೂ ಅಡುಗೆಮನೆ ಬಾಗಿಲಿಗೆ ಬಂದು ಕೂಗುತ್ತದೆ. ಅದರ ತಟ್ಟೆ ಇಡುವ ಜಾಗದ ಮೇಲೆ, ಗೋಡೆಯ ಗೂಡಿನಲ್ಲಿ ಡಬ್ಬಿ ಇಟ್ಟಳು. ತಾನು ಉಂಡು, ಆ ಹೊತ್ತಿನ ಗುಳಿಗೆ ನುಂಗಿ, ಆಮೇಲೆ ಬೆಕ್ಕಿಗೆ ಒಣಮೀನು. “ಇದ್ಕೆ ಮಳೆಗಾಲ ಇಲ್ಲ ತಮಾ” ಎಂದಳು.

ಮೊನ್ನೆ ಭಾನುವಾರ ಹೋಗಿ ನೋಡಿ ಬಂದೆ. ತಲೆ ತಿರುಗುವುದು ನಿಂತಿದೆ, ಬಾಯಿ ಮೊದಲಿನಂತೆ ಜೋರಾಗಿದೆ. ಮನಸ್ಸಿಗೆ ಹಾಯೆನಿಸಿತು.

ಇನ್ನೊಂದು ಹೇಳಲೇಬೇಕು. ಆ ದಿನ ಡಾಕ್ಟರು ನನ್ನ ತೋಳಿಗೂ ಬಿಪಿ ಪಟ್ಟಿ ಸುತ್ತಿ ನೋಡಿ, ನನಗೂ ಒಂದು ಗುಳಿಗೆ ಬರೆದರು. ನನ್ನ ಕೈಯಲ್ಲಿ ವಾಚಿದೆ. ಯಾವಾಗ, ಯಾಕೆ ಎರಡೂ ಗೊತ್ತಿದೆ. ಆದರೂ ನಿನ್ನೆ ಮರೆತೆ.

ಅತ್ತೆಯ ಬೆಕ್ಕು ಈಗ ಗಬ್ಬವಂತೆ. ಒಂದು ಮರಿ ನನಗೆ ಎಂದು ಹೇಳಿ ಕಳಿಸಿದ್ದೇನೆ.