ಮುಳ್ಳನ್ನೇ ನಂಬುವ ಮೇಸ್ತ್ರಿ

ಇಂಜಿನ್ನಿನ ದನಿ ಕೇಳಿಯೇ ರಿಪೇರಿ ಮಾಡುವ ನನಗೆ, ಪಕ್ಕದ ಶೆಡ್ಡಿನ ಮೇಸ್ತ್ರಿ ನನ್ನ ಗಿರಾಕಿಗಳ ಎದುರೇ, "ಆ ಕಿವಿ ಎರಡೂ ಬಿಚ್ಚಿ ಗೂಟಕ್ಕೆ ಹಾಕಿ ಬಾರಪ್ಪ" ಅಂದದ್ದು ಇವತ್ತಿಗೂ ಉರಿಯುತ್ತದೆ. ಅವನು ನಂಬುವುದು ಪೆಟ್ರೋಲಿನ ಒತ್ತಡ ತೋರಿಸುವ ಗೇಜಿನ ಮುಳ್ಳನ್ನು ಮಾತ್ರ. ಆ ಗೇಜನ್ನು ಹಸುಗೂಸಿನಂತೆ ಬಟ್ಟೆಯಲ್ಲಿ ಸುತ್ತಿಡುತ್ತಾನೆ. ಹಿಂದಿನಿಂದ ಕರೆದರೆ ತಿರುಗುವವನಲ್ಲ, ಮಾತಿದ್ದರೆ ಎದುರಿಗೇ ಹೋಗಿ ಹೇಳಬೇಕು, ಅಷ್ಟು ಜಂಬ. ನನ್ನ ಭಾವನ ಹೊಟ್ಟೆಪಾಡಿನ ಟ್ಯಾಕ್ಸಿಗೆ ನಾನು ಕಿವಿಯನ್ನೇ ನಂಬಿ ಪೆಟ್ರೋಲಿನ ಒತ್ತಡ ಏರಿಸಿ ಏರಿಸಿ, ಅದು ಕಪ್ಪು ಹೊಗೆ ಕಾರಿ ದಿಬ್ಬದಲ್ಲಿ ನಿಂತಾಗ ಅವನೇ ಬಂದ. ಗೇಜು ಜೋಡಿಸಿ, ಮತ್ತೆ ಸ್ಟಾರ್ಟ್ ಮಾಡಿಸಿ, ಇಂಜಿನ್ ಓಡುತ್ತಿರುವಾಗಲೇ ಒತ್ತಡವನ್ನು ಹದದಲ್ಲಿಡುವ ರೆಗ್ಯುಲೇಟರಿನಿಂದ ಗಾಳಿ ಎಳೆಯುವ ಸಣ್ಣ ಪೈಪನ್ನು ಕಿತ್ತು, ಅದರ ಬಾಯಿ ಮುಚ್ಚಿದ. "ಇದನ್ನ ಕೀಳದೇ ಒತ್ತಡ ಇಟ್ಟಿದ್ದೀಯಲ್ಲೋ! ಮೂಟೆನ ಒಬ್ಬ ಎತ್ತಿ ಹಿಡ್ಕೊಂಡಿರೋವಾಗ ತೂಕ ನೋಡ್ದಂಗಾಯ್ತು!" ರೆಗ್ಯುಲೇಟರಿನ ತಿರುಪು ಸಡಿಲಿಸಿ, ಮುಳ್ಳನ್ನು ಮೂರಕ್ಕೆ ತಂದು, ಪೈಪನ್ನು ಮತ್ತೆ ಸಿಕ್ಕಿಸಿದ. ಟ್ಯಾಕ್ಸಿ ಐದು ಜನರನ್ನು ಹೊತ್ತು ಅದೇ ದಿಬ್ಬವನ್ನು ಒಂದೇ ಉಸಿರಿಗೆ ಹತ್ತಿತು. ಭಾವ ಕಿಟಕಿಯಿಂದ ತಲೆ ಹೊರಹಾಕಿ ಕೇಕೆ ಹೊಡೆದ. ನಾನೂ ತಡೆಯಲಾರದೆ ಮೇಸ್ತ್ರಿಯ ಬೆನ್ನ ಹಿಂದೆ, "ನೀನೇ ಗೆದ್ದೆ ಕಣಣ್ಣಾ, ತಪ್ಪು ನಂದೇ!" ಎಂದು ಕೂಗಿದೆ. ಅವನು ಗೇಜು ಒರೆಸುತ್ತಲೇ ಇದ್ದ. "ಅವರಿಗೆ ಕಿವಿ ಹೋಗಿ ಹನ್ನೆರಡು ವರ್ಷ ಆಯ್ತಲ್ಲಣ್ಣ, ತುಟಿ ನೋಡಿ ತಿಳ್ಕೋತಾರೆ" ಅಂದಳು ಜೊತೆಗೆ ಬಂದಿದ್ದ ಅವನ ಹೆಂಡತಿ. ತಪ್ಪು ನನ್ನದೇ ಎಂಬ ಮಾತನ್ನು ಅವನ ಎದುರು ನಿಂತು ಹೇಳುವುದು ಇನ್ನೂ ಬಾಕಿಯಿದೆ.